ಗೀಟಿನ ಕೆಳಗಿನ ಚೌಕಗಳು

ರೈಲು ಇಲಾಖೆಯ ಹಳೆಯ ಕಟ್ಟಡದಲ್ಲಿ ಮೂರನೇ ಮಹಡಿಯ ಮೂಲೆಯ ಕೋಣೆಗೆ ಚಾಲಕರು ಇಟ್ಟ ಹೆಸರು ಚಿತ್ರಗುಪ್ತನ ಕಚೇರಿ. ಹೆಸರು ಸುಮ್ಮನೆ ಬಂದದ್ದಲ್ಲ. ಪ್ರತಿ ಇಂಜಿನ್ನಿನಲ್ಲೂ ಚಾಲಕನ ಪಕ್ಕದಲ್ಲಿ ಒಂದು ಡಬ್ಬಿ ಇರುತ್ತದೆ. ಡಬ್ಬಿಯೊಳಗೆ ಒಂದು ಮುಳ್ಳು, ಮುಳ್ಳಿನ ತುದಿಯಲ್ಲಿ ಮಸಿ, ಮಸಿಯ ಕೆಳಗೆ ನಿಮಿಷಕ್ಕೊಂದು ಚೌಕದಂತೆ ಸರಿಯುವ ಕಾಗದದ ಸುರುಳಿ. ಗಾಡಿ ವೇಗ ಹಿಡಿದರೆ ಮುಳ್ಳು ಮೇಲೇರುತ್ತದೆ, ನಿಧಾನವಾದರೆ ಕೆಳಗಿಳಿಯುತ್ತದೆ, ನಿಂತರೆ ತಳದ ಗೆರೆಯ ಮೇಲೆ ಹೋಗಿ ಮಲಗುತ್ತದೆ. ಚಾಲಕ ಬಾಯಲ್ಲಿ ಏನು ಬೇಕಾದರೂ ಹೇಳಿಕೊಳ್ಳಲಿ, ಮುಳ್ಳು ಗೀಚಿದ ಗೀಟು ಮಾತ್ರ ಸುರುಳಿ ಸುತ್ತಿಕೊಂಡು ಈ ಕೋಣೆಗೆ ಬಂದು ಬೀಳುತ್ತದೆ. ಅದನ್ನು ಓದಿ ಷರಾ ಬರೆಯುವುದು ಇಲ್ಲಿಯವರ ಕೆಲಸ.

ಇಲ್ಲಿಯವರು ಎಂದರೆ ಇಬ್ಬರೇ. ವಿಭಾಗದ ಮುಖ್ಯಸ್ಥರಿಗೆ ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು, ಏಕೆಂದರೆ ಅವರು ಚಹಾದ ಲೋಟವನ್ನೂ ಮೊದಲು ಭೂತಗನ್ನಡಿ ಹಿಡಿದು ನೋಡಿಯೇ ಕುಡಿಯುವವರು ಎಂಬ ಮಾತಿತ್ತು. ಎರಡನೆಯವಳು ಚಾರ್ಟಮ್ಮ. ವಯಸ್ಸು ಮೂವತ್ತೆರಡು, ಮದುವೆಯಿಲ್ಲ, ಅಮ್ಮ ಅನ್ನಿಸಿಕೊಳ್ಳುವಂಥ ಯಾವ ಲಕ್ಷಣವೂ ಇಲ್ಲ. ಆದರೆ ಏಳು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಬೇರೆಯವರ ತಪ್ಪು ಹುಡುಕುವ ಹೆಂಗಸನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಗೀಟು ಓದುವುದನ್ನು ಅವಳಿಗೆ ಇಲಾಖೆ ಕಲಿಸಿದ್ದಲ್ಲ, ಅಪ್ಪ ಕಲಿಸಿದ್ದು. ಅಪ್ಪ ಗೂಡ್ಸ್ ಗಾಡಿಯ ಚಾಲಕ. ಕೆಲಸ ಮುಗಿದ ಹಳೆಯ ಸುರುಳಿಗಳನ್ನು ಮಗಳ ಚಿತ್ರಕ್ಕೆ ಇರಲಿ ಎಂದು ಮನೆಗೆ ತರುತ್ತಿದ್ದ. ಮಗಳು ಖಾಲಿ ಹಿಂಬದಿಯಲ್ಲಿ ಚಿತ್ರ ಬರೆಯುವುದನ್ನು ಬಿಟ್ಟು ಮುಂಬದಿಯ ಗೀಟನ್ನೇ ನೋಡುತ್ತ ಕೂರುತ್ತಿದ್ದಳು. ಎಷ್ಟು ಬೆಟ್ಟ ಹತ್ತಿ ಇಳಿದೆ ಅಪ್ಪಾ ಎಂದು ಕೇಳಿದ್ದಕ್ಕೆ ಅವನು ನಕ್ಕುಬಿಟ್ಟಿದ್ದ. ದಾರಿ ನೆಲದ ಹಾಗೆ ಸಮತಟ್ಟು, ಇದು ಬೆಟ್ಟವಲ್ಲ, ವೇಗ ಎಂದಿದ್ದ. ಹಾಗಾದರೆ ಗೀಟು ಕೆಳಗೆ ಬಂದದ್ದು ನೀನು ಮನೆಗೆ ವಾಪಸ್ ಬಂದದ್ದಾ ಎಂದು ಅವಳ ಮುಂದಿನ ಪ್ರಶ್ನೆ.

"ಇಲ್ಲ ಮಗಾ. ಗೀಟು ಇಳೀತು ಅಂದ್ರೆ ನಿಧಾನ ಆದೆ ಅಂತ, ಅಷ್ಟೇ. ಆಗ್ಲೂ ದೂರಾನೇ ಹೋಗ್ತಾ ಇರ್ತೀನಿ," ಎಂದು ಅಪ್ಪ ಹೇಳಿದ್ದ. "ಎಷ್ಟು ದೂರ ಹೋದೆ ಅಂತ ಬೇಕಾದ್ರೆ ಗೀಟಿನ ಕೆಳಗಿರೋ ಚೌಕ ಎಣಿಸು. ಒಂದು ಚೌಕಕ್ಕೆ ನೂರು ಮೀಟರು."

ಲೆಕ್ಕ ನೇರವಾಗಿತ್ತು. ಅಡ್ಡಕ್ಕೆ ಒಂದು ಚೌಕ ಒಂದು ನಿಮಿಷ. ಮೇಲಕ್ಕೆ ಒಂದು ಚೌಕ ಗಂಟೆಗೆ ಆರು ಕಿಲೋಮೀಟರ್ ವೇಗ. ಆ ವೇಗದಲ್ಲಿ ಒಂದು ನಿಮಿಷ ಹೋದರೆ ನೂರು ಮೀಟರ್. ಅರ್ಧ ತುಂಡಾದ ಚೌಕಗಳನ್ನು ಜೋಡಿಸಿ ಒಂದು ಮಾಡಿಕೊಳ್ಳಬೇಕು. ಎಂಟು ವರ್ಷದ ಹುಡುಗಿ ನಾಲಿಗೆ ಕಚ್ಚಿಕೊಂಡು ಎಣಿಸುತ್ತಿದ್ದಳು. ಮಸಿ ಹರಡಿದ ಕಾಗದದಲ್ಲಿ ಇಂಗ್ಲಿಷ್ ಅಂಕಿಯ ಏಳೂ ಒಂದೂ ಒಂದೇ ಥರ ಕಾಣುತ್ತವೆ, ಏಳರ ಸೊಂಟಕ್ಕೆ ಒಂದು ಅಡ್ಡಗೀಟು ಹಾಕು ಎಂದು ಹೇಳಿಕೊಟ್ಟವನೂ ಅಪ್ಪನೇ. ಆ ಅಭ್ಯಾಸ ಅವಳ ಕೈಗೆ ಅಂಟಿಕೊಂಡೇ ಉಳಿಯಿತು.

ಅಂಟಿಕೊಳ್ಳದೆ ಹೋದವನು ಅಪ್ಪ. ಅವಳಿಗೆ ಒಂಬತ್ತು ತುಂಬಿದ ವರ್ಷ ಎರಡು ವರ್ಷದ ತಮ್ಮನಿಗೆ ಜ್ವರ ಬಂತು. ಹೋಗಬೇಡ ಎಂದು ಅಮ್ಮ ಅಂದಳು. ಗಾಡಿ ಕಾಯುತ್ತಿದೆ, ನನ್ನ ಬದಲಿಗೆ ಇನ್ನೊಬ್ಬನಿಲ್ಲ ಎಂದು ಅಪ್ಪ ಹೊರಟ. ಮರುದಿನ ಸಂಜೆ ಅವನು ತಿರುಗಿ ಬರುವಷ್ಟರಲ್ಲಿ ಮನೆಯಲ್ಲಿ ಒಂದು ತಲೆ ಕಡಿಮೆಯಾಗಿತ್ತು. ಅಮ್ಮ ಬಾಗಿಲಲ್ಲೇ ನಿಂತು, ಇನ್ನು ಈ ಮನೆಗೆ ಬರಬೇಡ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಗಂಡಸಾಗಿದ್ದರೆ ನಾಲ್ಕು ದಿನ ಬಿಟ್ಟು ಬಂದು ಬಾಗಿಲು ತಟ್ಟುತ್ತಿದ್ದನೋ ಏನೋ. ಇವನು ಕೆಂಪು ಕಂಡರೆ ನಿಲ್ಲುವುದನ್ನೇ ಇಡೀ ಜೀವನ ಕಲಿತ ಮನುಷ್ಯ. ಹಸಿರು ತೋರಿಸುವ ತನಕ ನಿಂತೇ ಇರುವವನು. ಹಸಿರು ತೋರಿಸಬೇಕಾದ ಅಮ್ಮನಿಗೆ ಅದು ತನ್ನ ಕೈಲಿದೆ ಎನ್ನುವುದೇ ಹೊಳೆಯಲಿಲ್ಲ, ಹೊಳೆದಾಗ ಹಟ ಬಿಡಲಿಲ್ಲ. ಅಪ್ಪ ದಾರಿಯ ಆ ಕೊನೆಯ ಊರಿಗೆ ವರ್ಗ ಮಾಡಿಸಿಕೊಂಡು ಹೋದ. ಇಬ್ಬರೂ ಒಳ್ಳೆಯವರೇ. ಒಳ್ಳೆಯವರು ಮುನಿಸಿಕೊಂಡರೆ ಬಿಡಿಸುವುದು ಕಷ್ಟ.

ಮನೆ ಮಾತ್ರ ಹಳಿಯ ಪಕ್ಕದಲ್ಲೇ ಇತ್ತು. ಹಿತ್ತಿಲ ತಂತಿ ಬೇಲಿ, ಬೇಲಿಯಾಚೆ ಜಲ್ಲಿ, ಜಲ್ಲಿಯ ಪಕ್ಕದಲ್ಲಿ ನಲವತ್ತೇಳು ಎಂದು ಬರೆದ ಕಿಲೋಮೀಟರ್ ಕಲ್ಲು. ವಾರಕ್ಕೆ ಮೂರು ಸಂಜೆ ನಾಲ್ಕೂ ಇಪ್ಪತ್ತಕ್ಕೆ ಅಪ್ಪನ ಗಾಡಿ ಆ ದಾರಿಯಲ್ಲಿ ಹೋಗುತ್ತಿತ್ತು. ಮೂರು ವರ್ಷಗಳ ಕಾಲ ಹುಡುಗಿ ಶಾಲೆಯ ಚೀಲ ಒಗೆದು ಓಡಿಹೋಗಿ ಬೇಲಿ ಹಿಡಿದು ನಿಂತಳು. ಇಂಜಿನ್ನಿನ ಕಿಟಕಿಯಲ್ಲಿ ಅಪ್ಪನ ಮುಖದ ಒಂದೇ ಬದಿ ಕಾಣುತ್ತಿತ್ತು. ಅವನು ತಿರುಗುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಸಿಳ್ಳೆ ಹಾಕುತ್ತಿರಲಿಲ್ಲ. ಗಾಡಿ ಸ್ವಲ್ಪ ಸಾವಕಾಶವಾಗಿ ಹೋಗುತ್ತಿತ್ತು ನಿಜ, ಆದರೆ ಅಲ್ಲೊಂದು ತಿರುವಿದೆ, ತಿರುವಿನಲ್ಲಿ ಎಲ್ಲ ಗಾಡಿಗಳೂ ಹಾಗೇ ಎಂದುಕೊಂಡಿದ್ದಳು. ಒಳಗೆ ಅಮ್ಮ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಆ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಹೊಲಿಗೆ ಯಂತ್ರವನ್ನು ಬೇಕೆಂದೇ ಜೋರಾಗಿ ತುಳಿಯುತ್ತಿದ್ದಳು.

ಹನ್ನೆರಡನೇ ವಯಸ್ಸಿನಲ್ಲಿ ಒಂದು ದಿನ ಅಮ್ಮ ತಲೆ ಎತ್ತದೆ, ಯಾಕೆ ಸುಮ್ಮನೆ ನಿಲ್ತೀಯಾ, ಅವನಿಗೆ ಆ ಕಡೆ ಇನ್ನೊಂದು ಮನೆ ಆಗಿರುತ್ತೆ ಎಂದಳು. ಅಮ್ಮ ಅದನ್ನು ನೋಡಿ ಹೇಳಿದ್ದಲ್ಲ, ಕೇಳಿ ಹೇಳಿದ್ದೂ ಅಲ್ಲ. ತನ್ನ ನೋವಿಗೆ ಒಂದು ಆಕಾರ ಬೇಕಾಗಿ ಹೇಳಿದ್ದು. ಹುಡುಗಿ ಮಾತ್ರ ಅದನ್ನು ಹಾಗೆಯೇ ನಂಬಿದಳು. ಮಾರನೆಯ ದಿನದಿಂದ ಬೇಲಿಯ ಹತ್ತಿರ ಹೋಗಲಿಲ್ಲ.

ಹೋಗಲಿಲ್ಲ ಎಂದರೆ ಮರೆತಳು ಎಂದಲ್ಲ. ನಾಲ್ಕೂ ಇಪ್ಪತ್ತಕ್ಕೆ ಎಲ್ಲಿದ್ದರೂ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಓದು ಮುಗಿಸಿ, ಪರೀಕ್ಷೆ ಬರೆದು, ಬೇರೆ ಎರಡು ಕೆಲಸ ಸಿಕ್ಕರೂ ಬಿಟ್ಟು ರೈಲಿನ ಚಾರ್ಟು ಓದುವ ಕೆಲಸವನ್ನೇ ಹಿಡಿದದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಮನೆಗೆ ಹತ್ತಿರ ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದು ಒಂದೇ. ನಮ್ಮ ಮನೆ ದಾಟುವಾಗ ಅಪ್ಪನಿಗೆ ನನ್ನ ನೆನಪು ಒಂದು ಸಲವಾದರೂ ಬರುತ್ತಿತ್ತೇ? ಇದನ್ನು ಕಾಗದ ಬರೆದು ಕೇಳಬಹುದಿತ್ತು. ಇಲ್ಲ ಎಂದು ಉತ್ತರ ಬಂದರೆ ಆಮೇಲೆ ನಾಲ್ಕೂ ಇಪ್ಪತ್ತಕ್ಕೆ ಕೈ ನಿಲ್ಲಿಸಲೂ ಕಾರಣವಿರುವುದಿಲ್ಲ ಎಂದು ಕೇಳದೆ ಉಳಿದಿದ್ದಳು.

ಆರು ತಿಂಗಳ ಹಿಂದೆ ಆ ದಾರಿಯ ಗೂಡ್ಸ್ ಗಾಡಿಗಳ ಸುರುಳಿಗಳೂ ಮೂಲೆಯ ಕೋಣೆಗೇ ಬರತೊಡಗಿದವು. ಮೊದಲ ಕಟ್ಟು ಬಿಚ್ಚಿದಾಗ ಚಾಲಕನ ಬಿಲ್ಲೆ ಸಂಖ್ಯೆ ಮುನ್ನೂರ ಹದಿನೆಂಟು ಎಂಬ ಚೀಟಿ ಕಂಡಿತು. ಆ ಹಿತ್ತಾಳೆ ಬಿಲ್ಲೆಯನ್ನು ಬಾಯಲ್ಲಿಟ್ಟುಕೊಂಡು ಅಪ್ಪನ ಹತ್ತಿರ ಬೈಸಿಕೊಂಡವಳು ಅವಳು. ಇಷ್ಟು ವರ್ಷದ ಮೇಲೆ ಅಪ್ಪ ಮೇಜಿನ ಮೇಲೆ ಸುರುಳಿಯಾಗಿ ಮಲಗಿದ್ದ. ಪಕ್ಕದ ಗೋಡೆಯ ಮೇಲಿನ ನಿವೃತ್ತಿಯ ಪಟ್ಟಿಯಲ್ಲೂ ಅದೇ ಸಂಖ್ಯೆಯಿತ್ತು. ಇನ್ನು ಆರೂವರೆ ತಿಂಗಳು.

ಗೂಡ್ಸ್ ಗಾಡಿಯ ಗೀಟಿನಲ್ಲಿ ಕಚೇರಿ ನೋಡುವುದು ಒಂದನ್ನೇ: ಅರವತ್ತು ದಾಟಿತೇ ಇಲ್ಲವೇ. ಎಲ್ಲಿ ಏನಾಯಿತು ಎಂದು ಚೌಕ ಎಣಿಸುವುದು ಅಪಘಾತವಾದರೆ ಮಾತ್ರ, ಅದನ್ನು ಭೂತಗನ್ನಡಿಯೇ ಮಾಡುತ್ತಿದ್ದರು. ಚಾರ್ಟಮ್ಮ ಮಧ್ಯಾಹ್ನದ ಬಿಡುವಿನಲ್ಲಿ ಕದ್ದು ಎಣಿಸಿದಳು. ಅಪ್ಪನ ಗೀಟು ಅವನ ಹಾಗೇ ಇತ್ತು, ಐವತ್ತನಾಲ್ಕಕ್ಕೆ ಏರಿ ಅಲ್ಲಿಂದ ಅಲುಗದೆ ಹೋಗುವಂಥದ್ದು. ನಡುವೆ ಒಂದು ಕಡೆ ಮಾತ್ರ, ಯಾವ ನಿಲ್ದಾಣವೂ ಇಲ್ಲದ ಜಾಗದಲ್ಲಿ, ಅದು ಮೂವತ್ತಕ್ಕೆ ಇಳಿದು, ಎರಡು ನಿಮಿಷ ಅಲ್ಲೇ ಉಳಿದು, ಮತ್ತೆ ಏರಿತ್ತು. ಹೊರಟ ನಿಲ್ದಾಣದಿಂದ ಮನೆ ನಲವತ್ತೇಳು ಕಿಲೋಮೀಟರ್, ಎಂದರೆ ನಾನೂರ ಎಪ್ಪತ್ತು ಚೌಕ. ಪೆನ್ಸಿಲಿನ ತುದಿ ಇಟ್ಟು ಎಣಿಸುತ್ತ ಹೋದಳು. ನಾನೂರ ಎಪ್ಪತ್ತು ಬಂತು, ಗೀಟು ಐವತ್ತನಾಲ್ಕರಲ್ಲೇ ಇತ್ತು. ಇಳಿದದ್ದು ನಾನೂರ ತೊಂಬತ್ತನಾಲ್ಕನೇ ಚೌಕದಲ್ಲಿ.

ನಮ್ಮ ಮನೆಯನ್ನು ಪೂರಾ ವೇಗದಲ್ಲಿ ದಾಟಿ, ಎರಡು ಕಿಲೋಮೀಟರ್ ಮುಂದೆ ಹೋದ ಮೇಲೆ ನಿಧಾನ. ಅಲ್ಲಿರುವುದು ನೂಲಿನ ಗಿರಣಿಯವರ ಮನೆಗಳ ಸಾಲು.

ಮುಂದಿನ ವಾರದ ಸುರುಳಿಯಲ್ಲಿ ಅದು ನಾನೂರ ಎಂಬತ್ತನಾಲ್ಕು. ಅದರ ಮುಂದಿನದರಲ್ಲಿ ನಾನೂರ ಎಪ್ಪತ್ತಾರು. ಗಿರಣಿ ಮನೆಗಳ ಸಾಲು ಎರಡು ಕಿಲೋಮೀಟರ್ ಉದ್ದ ಇದೆಯಲ್ಲ, ಒಂದು ದಿನ ಈ ತುದಿ, ಒಂದು ದಿನ ಆ ತುದಿ, ಒಂದು ಮನೆ ಸಾಲದೇನೋ ಎಂದು ಅವಳು ಒಳಗೊಳಗೇ ಕುದಿದಳು. ಇಪ್ಪತ್ತು ವರ್ಷದ ಹಿಂದೆ ಅಮ್ಮ ಹೇಳಿದ್ದ ಸುಳ್ಳಿಗೆ ಈಗ ಕಾಗದದ ಸಾಕ್ಷಿ ಸಿಕ್ಕಿತ್ತು. ಒಂದು ರಜೆಯ ದಿನ ಮಾನ ಮರ್ಯಾದೆ ಬಿಟ್ಟು ಆ ಸಾಲಿಗೇ ಹೋದಳು. ಹೊಲಿಗೆ ಕೊಡುವವರಿದ್ದಾರಾ ಎಂದು ನೆಪ ಮಾಡಿಕೊಂಡು ಮನೆ ಮನೆ ಬಾಗಿಲಲ್ಲಿ ಇಣುಕಿದಳು. ಒಣಗಲು ಹಾಕಿದ ಬಟ್ಟೆಗಳಲ್ಲಿ ಚಾಲಕರ ನೀಲಿ ಅಂಗಿ ಇದೆಯಾ ಎಂದು ಹುಡುಕಿದಳು. ರೈಲು ಓಡಿಸುವವರು ಯಾರೂ ಇತ್ತ ಸುಳಿಯುವುದಿಲ್ಲ ತಾಯಿ ಎಂದು ಒಬ್ಬ ಮುದುಕಿ ಹೇಳಿದಳು. ಮೂರು ಅಂಗಿಯ ಗುಂಡಿ ಹೊಲಿಯುವ ಕೆಲಸ ಮಾತ್ರ ಗಂಟು ಬಿತ್ತು. ಅದನ್ನು ಅಮ್ಮನಿಗೆ ಕೊಟ್ಟು ಎಲ್ಲಿಂದ ತಂದೆ ಎಂದು ಹೇಳಲಾರದೆ ಒದ್ದಾಡಿದಳು.

ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಸಿಟ್ಟಿಗೆ ಒಂದು ಕೊನೆ ಇರುತ್ತದೆ. ಅವಳಿಗೆ ಬಂದದ್ದು ಅಸೂಯೆ. ಯಾರದೋ ಮನೆಯ ಯಾವುದೋ ಮಗುವಿಗೆ ಸಿಗುತ್ತಿರುವ ಎರಡು ನಿಮಿಷಗಳು ತನ್ನವಾಗಬಾರದಿತ್ತೇ ಎಂಬ ಹಪಾಹಪಿ. ಮೂವತ್ತೆರಡು ವಯಸ್ಸಿನ ಹೆಂಗಸಿಗೆ ಇಂಥದ್ದು ಬರಬಾರದು ಎನ್ನುವವರಿದ್ದರೆ, ಅವರನ್ನು ಅಪ್ಪಂದಿರು ಎತ್ತಿಕೊಂಡೇ ಬೆಳೆಸಿರಬೇಕು.

ಐದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಕೈ ತೊಳೆಯಲು ಹೋದಾಗ ಮೇಜಿನ ಖಾನೆ ತೆರೆದೇ ಉಳಿದಿತ್ತು. ತಿರುಗಿ ಬಂದಾಗ ಭೂತಗನ್ನಡಿ ಅದೇ ಮೂರು ಸುರುಳಿಗಳನ್ನು ಹರಡಿಕೊಂಡು ಕನ್ನಡಿ ಹಿಡಿದು ನಿಂತಿದ್ದರು. ಅವಳು ಪೆನ್ಸಿಲಿನಲ್ಲಿ ಬರೆದಿದ್ದ ಅಂಕಿಗಳನ್ನು ಒಂದೊಂದಾಗಿ ಓದಿದರು. ಯಾಕೆ ಎಣಿಸಿದೆ ಎಂದು ಕೇಳಲಿಲ್ಲ. ಕಸುಬುದಾರರಿಗೆ ಮೊದಲು ಕಣ್ಣಿಗೆ ಬೀಳುವುದು ಕೆಲಸದ ತಪ್ಪು.

"ಇಲ್ಲಿಗೇ ಯಾಕೆ ನಿಲ್ಸಿದೆ? ಕೊನೇ ತನಕ ಎಣಿಸ್ಲಿಲ್ವಾ?"

ಬೇಕಾದ ಜಾಗ ಸಿಕ್ಕಿತು, ಅದಕ್ಕೇ ನಿಲ್ಲಿಸಿದೆ ಎಂದಳು.

"ಎಣಿಸು. ಪೂರ್ತಿ ಎಣಿಸಿ ಆಮೇಲೆ ಮಾತಾಡು," ಎಂದು ಅವರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು.

ಅವಳು ಎಣಿಸಿದಳು. ಮೊದಲ ಸುರುಳಿ ಕೊನೆಯ ನಿಲ್ದಾಣ ಮುಟ್ಟುವಾಗ ಒಟ್ಟು ಸಾವಿರದ ಇನ್ನೂರ ಅರವತ್ತು ಚೌಕ, ಎಂದರೆ ನೂರ ಇಪ್ಪತ್ತಾರು ಕಿಲೋಮೀಟರ್. ಆ ದಾರಿಯ ಉದ್ದ ನೂರ ಇಪ್ಪತ್ತು ಎಂದು ಕಟ್ಟಡದ ಕಾವಲುಗಾರನಿಗೂ ಗೊತ್ತು. ಮಿಕ್ಕ ಆರು ಕಿಲೋಮೀಟರ್ ಎಲ್ಲಿಂದ ಬಂತು ಎಂದು ಭೂತಗನ್ನಡಿ ಕೇಳಿದರು.

ಉತ್ತರ ಗಾಲಿಯಲ್ಲಿತ್ತು. ಆ ಮುಳ್ಳು ದಾರಿಯನ್ನು ನೋಡುವುದಿಲ್ಲ, ಗಾಲಿ ಎಷ್ಟು ಸುತ್ತು ತಿರುಗಿತು ಎಂದು ಮಾತ್ರ ನೋಡುತ್ತದೆ. ಓಡಿ ಓಡಿ ಸವೆದ ಗಾಲಿ ಸಣ್ಣದಾಗಿರುತ್ತದೆ, ಅಷ್ಟೇ ದಾರಿಗೆ ಹೆಚ್ಚು ಸುತ್ತು ತಿರುಗುತ್ತದೆ. ಹೊಸ ಗಾಲಿಯ ಲೆಕ್ಕದಲ್ಲೇ ಇರುವ ಮುಳ್ಳು, ಗಾಡಿ ಇನ್ನೂ ದೂರ ಹೋಯಿತು ಎಂದು ಬರೆದುಬಿಡುತ್ತದೆ. ಒಂದೊಂದು ಇಂಜಿನ್ನಿನ ಸವೆತ ಒಂದೊಂದು ಥರ. ಅದಕ್ಕೇ ಅಪಘಾತದ ಲೆಕ್ಕದಲ್ಲಿ ಮೊದಲು ಕೊನೆಯ ತನಕ ಎಣಿಸಿ, ಎಷ್ಟು ಹೆಚ್ಚಾಗಿದೆಯೋ ಅದೇ ಪ್ರಮಾಣದಲ್ಲಿ ನಡುವಿನ ಜಾಗವನ್ನೂ ಹಿಂದಕ್ಕೆ ಎಳೆಯಬೇಕು.

"ಸವೆದ ಗಾಲಿ ಸುಳ್ಳು ಹೇಳುತ್ತೆ ಕಣಮ್ಮಾ," ಎಂದರು ಭೂತಗನ್ನಡಿ. "ಬೇಕಂತ ಹೇಳಲ್ಲ. ಸವೆದಿರೋದಕ್ಕೆ ಹೇಳುತ್ತೆ."

ಅವರು ತಮ್ಮ ಮೇಜಿಗೆ ಹೋದರು. ಅವಳು ಭಾಗಿಸಿದಳು. ಸಾವಿರದ ಇನ್ನೂರ ಅರವತ್ತರಲ್ಲಿ ನಾನೂರ ತೊಂಬತ್ತನಾಲ್ಕು ಎಂದರೆ, ಸಾವಿರದ ಇನ್ನೂರರಲ್ಲಿ ನಾನೂರ ಎಪ್ಪತ್ತು. ಎರಡನೆಯದನ್ನು ಕೊನೆಯ ತನಕ ಎಣಿಸಿದಳು, ಒಟ್ಟು ಸಾವಿರದ ಇನ್ನೂರ ಮೂವತ್ತಾರು, ನಿಧಾನವಾದದ್ದು ನಾನೂರ ಎಂಬತ್ತನಾಲ್ಕರಲ್ಲಿ. ಭಾಗಿಸಿದರೆ ನಾನೂರ ಎಪ್ಪತ್ತು. ಮೂರನೆಯದೂ ನಾನೂರ ಎಪ್ಪತ್ತು. ಇಷ್ಟು ದಿನ ಗಿರಣಿ ಮನೆಗಳ ಸಾಲಿನಲ್ಲಿ ಅಲೆದಾಡುತ್ತಿದ್ದ ಅಪ್ಪ ಒಂದೇ ಸಲ ಬಂದು ಅವರ ಹಿತ್ತಿಲ ಬೇಲಿಯ ಮುಂದೆ ನಿಂತ. ನೋವಾಗುವ ಜಾಗ ಸಿಕ್ಕಿದ ಕೂಡಲೇ ಎಣಿಸುವುದನ್ನು ನಿಲ್ಲಿಸಿದ್ದು ಅವಳು ಮಾಡಿದ ತಪ್ಪು. ಪೂರ್ತಿ ಎಣಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಅಂದು ಸಂಜೆಯವರೆಗೆ ಬೇರೆ ಚಾಲಕರ ಸುರುಳಿಗಳನ್ನೂ ತೆಗೆದು ನೋಡಿದಳು. ತಿರುವಿನಲ್ಲಿ ಯಾರೂ ನಿಧಾನ ಮಾಡಿರಲಿಲ್ಲ. ಅದು ಅಂಥ ತಿರುವೇ ಅಲ್ಲ.

ಇಷ್ಟಾದರೂ ಅವಳಿಗೆ ಸಮಾಧಾನವಾಗಲಿಲ್ಲ. ಗೀಟು ಎಲ್ಲಿ ಎಂದು ಹೇಳಿತು, ಎಷ್ಟು ಎಂದು ಹೇಳಿತು, ಯಾಕೆ ಎಂದು ಹೇಳಲಿಲ್ಲ. ಯಾಕೆ ಎನ್ನುವುದನ್ನು ಗೀಟಿನಿಂದ ತೆಗೆಯುವ ಲೆಕ್ಕ ಭೂತಗನ್ನಡಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ಕೇಳುವ ದಾರಿ ಕಚೇರಿಯಲ್ಲೇ ಇತ್ತು. ಕಾರಣವಿಲ್ಲದೆ ಹೊತ್ತು ಕಳೆದ ಚಾಲಕನಿಗೆ ಒಂದು ಚೀಟಿ ಹೋಗುತ್ತದೆ, ಅವನು ಏಳು ದಿನದೊಳಗೆ ಸಮಜಾಯಿಷಿ ಬರೆದು ಕಳಿಸಬೇಕು. ಎರಡು ನಿಮಿಷಕ್ಕೆಲ್ಲ ಯಾರೂ ಚೀಟಿ ಕಳಿಸುವುದಿಲ್ಲ. ನಿವೃತ್ತಿಗೆ ತಿಂಗಳಿರುವವನಿಗಂತೂ ಶತ್ರುವೂ ಕಳಿಸುವುದಿಲ್ಲ, ಕೊನೆಗಾಲದಲ್ಲಿ ಕಡತಕ್ಕೆ ಕಪ್ಪು ಚುಕ್ಕೆ ಯಾಕೆ ಎಂದು. ಅವಳು ಮೂರು ದಿನ ಅಳೆದೂ ಸುರಿದೂ ನಾಲ್ಕನೆಯ ದಿನ ಬರೆದಳು: 47ನೇ ಕಿಲೋಮೀಟರಿನಲ್ಲಿ ವೇಗ ತಗ್ಗಿಸಿದ್ದಕ್ಕೆ ಕಾರಣ ತಿಳಿಸುವುದು. ಏಳರ ಸೊಂಟಕ್ಕೆ ಅಡ್ಡಗೀಟು ತಾನಾಗಿಯೇ ಬಿತ್ತು.

ಚೀಟಿಗೆ ಭೂತಗನ್ನಡಿಯ ಸಹಿ ಬೇಕು. ಅವರು ಬಿಲ್ಲೆ ಸಂಖ್ಯೆ ನೋಡಿದರು, ಅವಳ ಮುಖ ನೋಡಿದರು. ಅವರಿಗೆ ಏನೇನು ಗೊತ್ತಿತ್ತೋ, ಎಷ್ಟು ದಿನದಿಂದ ಗೊತ್ತಿತ್ತೋ. ಕನ್ನಡಿಯನ್ನು ಮಾತ್ರ ಕೆಳಗಿಟ್ಟರು.

"ಕಳ್ಸಿದ್ರೆ ಉತ್ತರ ಬಂದೇ ಬರುತ್ತೆ. ಬಂದ ಉತ್ತರಾನ ಹಿಂದಕ್ಕೆ ಕಳ್ಸೋಕಾಗಲ್ಲ," ಎಂದರು.

"ಗೊತ್ತು ಸರ್," ಎಂದಳು.

ಅವರು ಸಹಿ ಹಾಕಿದರು. ಉತ್ತರ ಬಂದ ಮೇಲೆ ಅದು ಕಡತಕ್ಕೆ ಹೋಗಬೇಕೋ ಬೇಡವೋ ಎಂದು ತಾವು ನೋಡಿಕೊಳ್ಳುವುದಾಗಿ ತಾವಾಗಿಯೇ ಹೇಳಿದರು.

ಏಳು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಅಪ್ಪ ಏನು ಬರೆಯಬಹುದು ಎಂದು ಚಾಲಕರು ಬರೆಯುವ ಸಮಜಾಯಿಷಿಗಳನ್ನೆಲ್ಲ ಮನಸ್ಸಿನಲ್ಲೇ ಓದಿಕೊಂಡಳು. ಹಳಿಯ ಮೇಲೆ ದನ ಇತ್ತು. ದೀಪ ಸರಿಯಾಗಿ ಕಾಣಲಿಲ್ಲ. ಇಂಜಿನ್ನಿನಲ್ಲಿ ಸದ್ದು ಬಂತು. ಇವುಗಳಲ್ಲಿ ಯಾವುದು ಬಂದರೂ ತಾನು ಸತ್ತ ಹಾಗೆ ಎಂದುಕೊಂಡಳು. ಎಂಟನೆಯ ದಿನದ ಟಪಾಲಿನಲ್ಲಿ ಲಕೋಟೆ ಬಂತು. ಒಳಗೆ ಅವಳದೇ ಚೀಟಿ, ಅದಕ್ಕೆ ಗುಂಡುಸೂಜಿ ಚುಚ್ಚಿದ ಅರ್ಧ ಹಾಳೆ. ಅಪ್ಪನ ಅಕ್ಷರ ಸ್ವಲ್ಪ ನಡುಗುತ್ತಿತ್ತು.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಸದರಿ ಸ್ಥಳದಲ್ಲಿ ಎಡಬದಿಯ ಬೇಲಿಯ ಹತ್ತಿರ ಒಂದು ಮಗು ನಿಲ್ಲುವ ರೂಢಿ ಇರುತ್ತದೆ. ಆದ್ದರಿಂದ ವೇಗ ತಗ್ಗಿಸಲಾಗಿದೆ. ಇತ್ತೀಚೆಗೆ ಮಗು ಕಾಣುತ್ತಿಲ್ಲ. ಆದರೂ ಬಂದಿದ್ದರೆ ಎಂದು ತಗ್ಗಿಸುತ್ತಿದ್ದೇನೆ. ತಪ್ಪಾಗಿದ್ದರೆ ಮನ್ನಿಸುವುದು."

ಇತ್ತೀಚೆಗೆ ಎಂದರೆ ಇಪ್ಪತ್ತು ವರ್ಷ. ಅವಳು ಹಾಳೆಯನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ತನ್ನ ಚೀಟಿಯನ್ನು ನೋಡಿದಳು. ಅಡ್ಡಗೀಟು ಹಾಕಿದ ಏಳರ ಮೇಲೆ ಎಣ್ಣೆ ಹತ್ತಿದ ಹೆಬ್ಬೆರಳಿನ ಗುರುತಿತ್ತು. ಚೀಟಿ ಹಿಡಿಯುವವರು ಅಂಚಿನಲ್ಲಿ ಹಿಡಿಯುತ್ತಾರೆ, ನಟ್ಟನಡುವೆ ಹೆಬ್ಬೆರಳು ಇಡುವುದಿಲ್ಲ. ಚಾರ್ಟಮ್ಮ ಎದ್ದು ಹೋಗಿ, ಹಳೆಯ ಕಟ್ಟುಗಳನ್ನಿಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಅತ್ತಳು. ಹೊರಗೆ ಬಂದಾಗ ಭೂತಗನ್ನಡಿ ತಲೆಯೆತ್ತದೆ, ಆ ಕೋಣೆಯ ಧೂಳು ಕಣ್ಣಿಗೆ ಒಳ್ಳೆಯದಲ್ಲ ಎಂದರು.

ಮನೆಯಲ್ಲಿ ಅಮ್ಮನಿಗೆ ಅದನ್ನು ಓದಿ ಹೇಳಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವಳು ಪೋಣಿಸುತ್ತಲೇ ಇದ್ದಳು. ದಾರ ಮೂರು ಸಲ ತಪ್ಪಿತು.

"ಮಗು ಅಂತ ಬರ್ದಿದಾನಾ?"

"ಹ್ಞೂಂ."

"ನಿನಗೆ ಮೂವತ್ತೆರಡಾಯ್ತು ಅಂತ ಯಾರಾದ್ರೂ ಹೇಳ್ಬಾರ್ದಾ ಅವನಿಗೆ," ಎಂದು ಅಮ್ಮ ಅಂದಳು. ಹೇಳಬೇಕಾದವರು ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಇನ್ನೊಂದು ಮನೆಯ ಮಾತನ್ನು ಮಗಳು ಎತ್ತಲಿಲ್ಲ. ಅಮ್ಮನೇ, ಕೆಲವು ಮಾತು ಯಾಕೆ ಆಡ್ತೀವೋ ಏನೋ ಎಂದು ದೀಪ ಸರಿಪಡಿಸಿದಳು. ಎಲ್ಲ ಗಾಲಿಗಳೂ ಸವೆಯುತ್ತವೆ.

ತಿಂಗಳ ಕೊನೆಯ ದಿನ ಮುನ್ನೂರ ಹದಿನೆಂಟನೇ ಬಿಲ್ಲೆಯ ಕೊನೆಯ ಓಟ. ಅವಳು ಅರ್ಧ ದಿನ ರಜೆ ಹಾಕಿ ನಾಲ್ಕಕ್ಕೇ ಬೇಲಿಯ ಹತ್ತಿರ ಹೋಗಿ ನಿಂತಳು. ಹಿಂದೆ ಎದೆಯ ಮಟ್ಟಕ್ಕಿದ್ದ ತಂತಿ ಈಗ ಸೊಂಟಕ್ಕೆ ಬರುತ್ತಿತ್ತು. ತನ್ನನ್ನು ಅವನು ಗುರುತು ಹಿಡಿಯುವುದು ಹೇಗೆ ಎಂದು ಆಗ ಹೊಳೆದು ಹೆದರಿಕೆಯಾಯಿತು. ಅವನು ಹುಡುಕುವುದು ಹನ್ನೆರಡು ವರ್ಷದ ಜಡೆಯ ಹುಡುಗಿಯನ್ನು. ಕಚೇರಿಯ ಚೀಲ ಹೆಗಲಿಗೆ ಹಾಕಿಕೊಂಡ ಹೆಂಗಸನ್ನಲ್ಲ. ಚೀಲವನ್ನು ತೆಗೆದು ಹಿಂದಕ್ಕೆ ಒಗೆದಳು, ಶಾಲೆಯಿಂದ ಬಂದಾಗ ಒಗೆಯುತ್ತಿದ್ದ ಹಾಗೆಯೇ. ಎರಡೂ ಕೈಯಲ್ಲಿ ತಂತಿ ಹಿಡಿದಳು.

ನಾಲ್ಕೂ ಇಪ್ಪತ್ತಕ್ಕೆ ಹಳಿ ಸಣ್ಣಗೆ ನಡುಗಿತು. ತಿರುವಿನಲ್ಲಿ ಇಂಜಿನ್ ಕಂಡಿತು, ಎಂದಿನಂತೆ ನಿಧಾನವಾಯಿತು. ಆಮೇಲೆ ಇನ್ನೂ ನಿಧಾನವಾಯಿತು. ಅವಳು ಓದಿದ್ದ ಯಾವ ಗೀಟಿನಲ್ಲೂ ಅಷ್ಟು ಕೆಳಗೆ ಬಂದಿರಲಿಲ್ಲ. ಐವತ್ತು ಡಬ್ಬಿಯ ಗಾಡಿ ಉಸಿರು ಹಿಡಿದುಕೊಂಡು ನಡೆಯುವ ಹಾಗೆ ಬಂತು. ಕಿಟಕಿಯಲ್ಲಿ ಮುಖದ ಒಂದೇ ಬದಿ ಕಾಣಿಸಿತು, ಕೂದಲೆಲ್ಲ ಬೆಳ್ಳಗಾಗಿತ್ತು. ಇಂಜಿನ್ನಿನಲ್ಲಿ ಕೂತವನು ಪಕ್ಕಕ್ಕೆ ನೋಡಬಾರದು ಎಂದು ನಿಯಮವಿದೆ. ನಲವತ್ತು ವರ್ಷ ಆ ನಿಯಮ ಪಾಲಿಸಿದವನು ಅವತ್ತು ತಿರುಗಿ ನೋಡಿದ.

ಅವಳು ಗಾಡಿಯ ಜೊತೆಗೇ ಬೇಲಿಯುದ್ದಕ್ಕೂ ನಡೆಯತೊಡಗಿದಳು. ನಡೆಯುವವಳಿಗೂ ಗಾಡಿಗೂ ಒಂದೇ ವೇಗ, ಆದ್ದರಿಂದ ಕಿಟಕಿ ಅವಳ ಎದುರಿ‌ನಿಂದ ಸರಿಯಲಿಲ್ಲ. ಅಪ್ಪ ಏನೋ ಹೇಳಿದ. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳೂ ಏನೋ ಹೇಳಿದಳು, ಅವನಿಗೂ ಕೇಳಿಸಿರಲಿಕ್ಕಿಲ್ಲ. ಅವನು ಕಿಟಕಿಯ ಹೊರಗೆ ಕೈ ಚಾಚಿದ. ಬೇಲಿಗೂ ಕೈಗೂ ನಡುವೆ ನಾಲ್ಕು ಮಾರು ಜಲ್ಲಿ ಇತ್ತು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಬೇಲಿ ಮುಗಿದು ಮೋರಿ ಬಂದಾಗ ಅವಳು ನಿಲ್ಲಲೇಬೇಕಾಯಿತು. ಗಾಡಿ ನಿಲ್ಲುವಂತಿರಲಿಲ್ಲ, ಹಿಂದೆ ಇನ್ನೊಂದು ಗಾಡಿ ಇತ್ತು. ಕಿಟಕಿ ಮುಂದೆ ಸರಿಯಿತು, ಕೈ ಮುಂದೆ ಸರಿಯಿತು. ಆಮೇಲೆ ಐವತ್ತು ಡಬ್ಬಿಗಳು ಒಂದೊಂದಾಗಿ ಅವಳ ಎದುರು ಹಾದುಹೋದವು. ಅಪ್ಪ ಹೋದ ಮೇಲೂ ಅಪ್ಪನ ಗಾಡಿ ಬಹಳ ಹೊತ್ತು ಹೋಗುತ್ತಲೇ ಇತ್ತು.

ಕೊನೆಯ ಡಬ್ಬಿ ದಾಟಿ ಸದ್ದು ಅಡಗಿದಾಗ, ಮನೆಯೊಳಗಿನಿಂದಲೂ ಸದ್ದಿಲ್ಲ ಎನ್ನುವುದು ಅವಳ ಗಮನಕ್ಕೆ ಬಂತು. ಹೊಲಿಗೆ ಯಂತ್ರ ನಿಂತಿತ್ತು. ತಿರುಗಿ ನೋಡಿದರೆ ಅಮ್ಮ ಹಿತ್ತಿಲ ಬಾಗಿಲಲ್ಲಿ, ಕೈಯಲ್ಲಿ ಅರ್ಧ ಹೊಲಿದ ತೋಳು ಹಿಡಿದುಕೊಂಡು ನಿಂತಿದ್ದಳು.

ಮರುದಿನ ಮಧ್ಯಾಹ್ನ ಸುರುಳಿ ಬಂತು. ಐವತ್ತನಾಲ್ಕರಲ್ಲಿ ಅಲುಗದೆ ಬಂದ ಗೀಟು ಆ ಜಾಗದಲ್ಲಿ ಬಾವಿಗೆ ಇಳಿದ ಹಾಗೆ ಇಳಿದಿತ್ತು. ತಳದ ಗೆರೆ ಮುಟ್ಟಿರಲಿಲ್ಲ. ಒಂದೇ ಒಂದು ಚೌಕದಷ್ಟು ಮೇಲೆ, ಎರಡು ನಿಮಿಷ, ನೇರವಾಗಿ ಹೋಗಿ ಮತ್ತೆ ಏರಿತ್ತು. ಚಾರ್ಟಮ್ಮ ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗಿನ ಚೌಕ ಎಣಿಸಿದಳು. ಎರಡು. ಇನ್ನೂರು ಮೀಟರ್. ಇಪ್ಪತ್ತಮೂರು ವರ್ಷದಲ್ಲಿ ಅಪ್ಪ ಮಗಳು ಜೊತೆಯಾಗಿ ನಡೆದ ದಾರಿ ಅಷ್ಟು. ಗಾಲಿಯ ಸವೆತ ಕಳೆದರೆ ಎರಡಕ್ಕೂ ಸ್ವಲ್ಪ ಕಡಿಮೆಯೇ ಆಗುತ್ತದೆ. ಅವತ್ತು ಅವಳು ಸವೆತ ಕಳೆಯಲಿಲ್ಲ.

ನಡುದಾರಿಯಲ್ಲಿ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿದರೆ ಷರಾ ಬರೆಯದೆ ಬಿಡುವಂತಿಲ್ಲ. ಭೂತಗನ್ನಡಿ ಎದುರಿನ ಮೇಜಿನಲ್ಲಿ ಚಹಾ ಆರಿಸುತ್ತ ಕಾಯುತ್ತಿದ್ದರು. ಅವಳು ಹಾಳೆ ಎಳೆದುಕೊಂಡು, ಏಳರ ಸೊಂಟಕ್ಕೆ ಅಡ್ಡಗೀಟು ಹಾಕಿ, ಕಚೇರಿಯ ಭಾಷೆಯಲ್ಲೇ ಬರೆದಳು: 47ನೇ ಕಿಲೋಮೀಟರಿನಲ್ಲಿ ಎರಡು ನಿಮಿಷ ವೇಗ ತಗ್ಗಿಸಲಾಗಿದೆ. ಕಾರಣ, ಬೇಲಿಯ ಹತ್ತಿರ ಮಗು ನಿಂತಿತ್ತು.